ಲಿನಕ್ಸ್‌ನಲ್ಲಿ ಗೇಮ್ ಮಾರಿದರೆ ಯಾರಾದರೂ ಕೊಳ್ತಾರಾ?

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಬಗ್ಗೆ ಹೋದ ಸಲ ಈ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗೇಮ್ ಬಗ್ಗೆಯೇ ಉಂಟು, ಹಾಗಾಗಿ ಈ ಸಲ ಪೂರ್ತಿ ಅದೇ. ನಮ್ಮ ಕಡೆ ಆಟ ಅಂದರೆ ರಾತ್ರಿ ಚೆಂಡೆ ಬಡಿಯುವ ಯಕ್ಷಗಾನದ ಆಟ ಅಂತ ಗೊತ್ತುಂಟು ಮಾರಾಯ್ರೇ. ಇವತ್ತು ಮಾತ್ರ ಆಟ ಅಂದರೆ ಕಂಪ್ಯೂಟರಿನದ್ದು. ಆ ಆಟವೂ ಕೊನೆಗೆ ಬರುತ್ತದೆ, ನೋಡುವಿರಂತೆ.

ಪ್ರಶ್ನೆ: ನಾವು ಮೂವರು ಕ್ಲಾಸ್‌ಮೇಟ್‌ಗಳು ಸೇರಿ ಚೆನ್ನೆಮಣೆಯನ್ನು ಕಂಪ್ಯೂಟರ್ ಗೇಮ್ ಮಾಡಿದ್ದೇವೆ. ಉಬುಂಟು ಅನ್ನುವ ಲಿನಕ್ಸ್‌ನಲ್ಲೇ ಕೂತು, ಗೇಮ್ ಕಟ್ಟುವ ಗೋಡಾಟ್ ಎಂಜಿನ್‌ನಲ್ಲಿ ಮಾಡಿದ್ದು. ಆಟಿ ತಿಂಗಳಿಗೆ ಬಿಡುಗಡೆ ಮಾಡುವ ಆಸೆ. 150 ರೂಪಾಯಿಗೆ ಲಿನಕ್ಸ್‌ಗೂ ಮಾರೋಣ ಅಂದರೆ ಎಲ್ಲರೂ ನಗುತ್ತಾರೆ. ಲಿನಕ್ಸ್ ಪುಕ್ಕಟೆ, ಅದರ ಮೇಲೆ ದುಡ್ಡಿನ ಸಾಮಾನು ಮಾರಿದರೆ ಲೈಸೆನ್ಸ್ ತೊಂದರೆ ಬರ್ತದೆ ಅಂತ ಒಬ್ಬರು ಹೇಳಿದರು. ಪುಕ್ಕಟೆ ಸಿಗುವುದನ್ನೇ ಹುಡುಕುವವರು ನಿಮಗೆ ದುಡ್ಡು ಕೊಡ್ತಾರಾ ಅಂತ ಇನ್ನೊಬ್ಬರು. ಯಾರ ಮಾತು ಸರಿ ಸಾರ್?
— ಮೂವರು ವಿದ್ಯಾರ್ಥಿಗಳು, ಸುರತ್ಕಲ್

ಉತ್ತರ: ಇಬ್ಬರದ್ದೂ ತಪ್ಪು. ಮೊದಲನೆಯವರದ್ದು ಪೂರ್ತಿ ತಪ್ಪು, ಎರಡನೆಯವರದ್ದು ಅರ್ಧ.

ಲೈಸೆನ್ಸ್ ವಿಷಯ ಮೊದಲು ಮುಗಿಸೋಣ. ಲಿನಕ್ಸ್‌ನ ತಿರುಳಾದ ಕರ್ನಲ್ ಇರುವುದು ಜಿಪಿಎಲ್ 2 ಅನ್ನುವ ಲೈಸೆನ್ಸ್ ಕೆಳಗೆ, ಅದು ನಿಜ. ಆದರೆ ಆ ಕರ್ನಲ್‌ನ ಲೈಸೆನ್ಸ್ ಫೈಲಿನ ಜೊತೆಯಲ್ಲೇ ಲಿನಕ್ಸ್ ಶುರು ಮಾಡಿದ ಲೀನಸ್ ಟೋರ್ವಾಲ್ಡ್ಸ್ ಒಂದು ಮಾತು ಸೇರಿಸಿದ್ದಾರೆ: ಕರ್ನಲ್‌ನ ಸೇವೆಯನ್ನು ಮಾಮೂಲಿ ರೀತಿಯಲ್ಲಿ ಬಳಸಿಕೊಂಡು ಓಡುವ ಪ್ರೋಗ್ರಾಮ್‌ಗಳಿಗೆ ಈ ಲೈಸೆನ್ಸ್ ಅಂಟುವುದಿಲ್ಲ ಅಂತ. ರಸ್ತೆ ಎಲ್ಲರದ್ದು, ಹಾಗಂತ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಡುವ ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳದೆ ಬಿಡುತ್ತಾನಾ? ಇನ್ನೂ ಒಂದು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಸ್ವತಃ ಜಿಪಿಎಲ್ ಕೂಡ ಮಾರಬೇಡಿ ಅಂತ ಎಲ್ಲೂ ಹೇಳುವುದಿಲ್ಲ. ಎಷ್ಟು ದುಡ್ಡು ಬೇಕಾದರೂ ತೆಗೆದುಕೊಳ್ಳಿ, ಕೊಂಡವನು ಕೇಳಿದರೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮ್ ಬರೆದ ಮೂಲ, ಕೊಡಿ, ಅವನು ಅದನ್ನು ಹಂಚಿದರೆ ತಡೆಯಬೇಡಿ, ಇಷ್ಟೇ ಅದರ ಷರತ್ತು.

ನೀವು ನೋಡಿಕೊಳ್ಳಬೇಕಾದ್ದು ಲಿನಕ್ಸ್‌ನ ಲೈಸೆನ್ಸ್ ಅಲ್ಲ, ನಿಮ್ಮ ಗೇಮ್ ಒಳಗೆ ನೀವೇ ತಂದು ಹಾಕಿದ ಸಾಮಾನಿನ ಲೈಸೆನ್ಸ್. ಗೋಡಾಟ್ ಎಂಐಟಿ ಲೈಸೆನ್ಸಿನದ್ದು, ಅದರ ಲೈಸೆನ್ಸ್ ಪಠ್ಯವನ್ನು ಗೇಮ್‌ನ ಕ್ರೆಡಿಟ್ ಪುಟದಲ್ಲಿ ಹಾಕಿದರೆ ಆಯಿತು, ಒಂದು ಪೈಸೆ ಕೊಡಬೇಕಾಗಿಲ್ಲ. ಎಲ್‌ಜಿಪಿಎಲ್ ಅನ್ನುವ ಲೈಸೆನ್ಸಿನ ಲೈಬ್ರರಿ (ಇನ್ನೊಬ್ಬರು ಬರೆದಿಟ್ಟ ಕೋಡಿನ ಕಟ್ಟು) ಏನಾದರೂ ಬಳಸಿದ್ದರೆ ಅದನ್ನು ಬೇರೆ ಫೈಲ್ ಆಗಿಯೇ ಇಡಿ, ಗೇಮ್ ಒಳಗೆ ಕಲಸಿ ಮುದ್ದೆ ಮಾಡಬೇಡಿ. ಜಾಸ್ತಿ ಜನ ಎಡವುವುದು ಚಿತ್ರ ಮತ್ತು ಶಬ್ದದಲ್ಲಿ. ಮಂಜೊಟ್ಟಿ ಕಾಯಿ ಗುಳಿಗೆ ಬೀಳುವ ಶಬ್ದ ಎಲ್ಲಿಂದ ತಂದಿರಿ? ನೆಟ್‌ನಿಂದ ಇಳಿಸಿದ್ದಾದರೆ ಅದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನ ಯಾವ ಬಗೆ ಅಂತ ನೋಡಿ. ಹೆಸರಿನಲ್ಲಿ 'ಎನ್‌ಸಿ' (ನಾನ್-ಕಮರ್ಷಿಯಲ್) ಅಂತ ಇದ್ದರೆ ಮಾರುವ ಗೇಮ್‌ನಲ್ಲಿ ಹಾಕುವ ಹಾಗಿಲ್ಲ. ಸುಮ್ನೆ ಅಜ್ಜಿ ಮನೆಯ ಮಣೆ ತಂದು ಫೋನಲ್ಲೇ ರೆಕಾರ್ಡ್ ಮಾಡಿಕೊಳ್ಳಿ, ಅದು ಇನ್ನೂ ಚಂದ ಕೇಳುತ್ತದೆ. ಚೆನ್ನೆಯ ನಿಯಮ ಯಾರಪ್ಪನ ಸ್ವತ್ತೂ ಅಲ್ಲ, ಏಳೇಳು ಗುಳಿಯ ಎರಡು ಸಾಲು ಇಟ್ಟು ನಾಳೆ ಇನ್ನೊಬ್ಬರು ಮಾಡಿದರೆ ನೀವು ಜಗಳಕ್ಕೆ ಹೋಗುವ ಹಾಗಿಲ್ಲ. ನಿಮ್ಮದು ಅಂತ ಇರುವುದು ನಿಮ್ಮ ಕೋಡು, ನಿಮ್ಮ ಚಿತ್ರ, ನಿಮ್ಮ ಶಬ್ದ.

ಈಗ ಎರಡನೆಯ ಮಾತು, ಲಿನಕ್ಸ್‌ನವರು ದುಡ್ಡು ಕೊಡುವುದಿಲ್ಲ ಅನ್ನುವುದು. ಇದಕ್ಕೆ ಹಳೇ ಸಾಕ್ಷಿ ಅಂತ ಎಲ್ಲರೂ ತೋರಿಸುವುದು ಲೋಕಿ ಸಾಫ್ಟ್‌ವೇರ್ ಕಥೆ. 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕಂಪನಿ ಇದು. ವಿಂಡೋಸ್‌ನ ಹೆಸರುವಾಸಿ ಗೇಮ್‌ಗಳನ್ನು ಲಿನಕ್ಸ್‌ಗೆ ತಂದು ಡಬ್ಬಿಯಲ್ಲಿ ಹಾಕಿ ಮಾರುವುದೇ ಅದರ ಕಸುಬು. ಸಿವಿಲೈಜೇಶನ್: ಕಾಲ್ ಟು ಪವರ್, ರೈಲ್‌ರೋಡ್ ಟೈಕೂನ್ 2, ಸಿಮ್‌ಸಿಟಿ 3000, ಕ್ವೇಕ್ 3, ಒಂದರ ಹಿಂದೆ ಒಂದು ತಂದರು. 2001ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ ಹಾಕಿದರು, 2002ರ ಜನವರಿಯಲ್ಲಿ ಬಾಗಿಲು ಮುಚ್ಚಿದರು. ನೋಡಿ ಲಿನಕ್ಸ್‌ನವರು ಕೊಳ್ಳಲಿಲ್ಲ ಅಂತ ಜನ ತೀರ್ಪು ಕೊಟ್ಟೇಬಿಟ್ಟರು.

ನನಗೆ ಆ ತೀರ್ಪು ಯಾವತ್ತೂ ಸರಿ ಅನ್ನಿಸಿಲ್ಲ. ಆ ಕಾಲದಲ್ಲಿ ಲಿನಕ್ಸ್ ಇದ್ದವರ ಕಂಪ್ಯೂಟರಿನಲ್ಲಿ ವಿಂಡೋಸೂ ಇರುತ್ತಿತ್ತು. ಗೇಮ್ ಮೊದಲು ವಿಂಡೋಸ್‌ಗೆ ಬಂದು, ಎಷ್ಟೋ ತಿಂಗಳ ಮೇಲೆ ಲಿನಕ್ಸ್ ಡಬ್ಬಿ ಬಂದು, ಅಷ್ಟರಲ್ಲಿ ವಿಂಡೋಸ್ ಡಬ್ಬಿಯ ಬೆಲೆ ಇಳಿದು, ಆಡುವವನು ಅದನ್ನು ಕೊಂಡು ಆಡಿ ಮುಗಿಸಿಯೂ ಆಗಿರುತ್ತಿತ್ತು. ಕ್ವೇಕ್ 3ರಲ್ಲಂತೂ ವಿಂಡೋಸ್ ಸಿಡಿ ಇದ್ದವರು ಲಿನಕ್ಸ್‌ನ ಫೈಲು ಬೇರೆಯಾಗಿ ಇಳಿಸಿಕೊಂಡೇ ಆಡಬಹುದಿತ್ತು, ಮತ್ತೆ ಇನ್ನೊಂದು ಡಬ್ಬಿ ಯಾಕೆ? ಬೆಳಗ್ಗೆ ದಕ್ಕೆಗೆ ಬಂದ ಬಂಗುಡೆಯನ್ನು ಸಂಜೆ ಅದೇ ರೇಟಿಗೆ ಮಾರಲು ಕೂತರೆ ಹೋಗ್ತದಾ?

ಲೋಕಿ ಹೋದರೂ ಅವರ ಕೆಲಸ ಹೋಗಲಿಲ್ಲ. ಅಲ್ಲಿ ಇದ್ದ ಸ್ಯಾಮ್ ಲ್ಯಾಂಟಿಂಗಾ ಬರೆದ ಎಸ್‌ಡಿಎಲ್ ಅನ್ನುವ ಲೈಬ್ರರಿ ಇವತ್ತಿಗೂ ಸಾವಿರಾರು ಗೇಮ್‌ಗಳ ಒಳಗೆ ಉಂಟು. ಅವರು ಆಮೇಲೆ ಸ್ಟೀಮ್ ಅನ್ನುವ ಗೇಮ್‌ಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿಯಲ್ಲೂ ಕೆಲಸ ಮಾಡಿದರು.

ಈಗ ಇನ್ನೊಂದು ಲೆಕ್ಕ ನೋಡಿ. 2010ರ ಮೇ ತಿಂಗಳಲ್ಲಿ ಹಂಬಲ್ ಇಂಡೀ ಬಂಡಲ್ ಅಂತ ಒಂದು ಮಾರಾಟ ಆಯಿತು. ವರ್ಲ್ಡ್ ಆಫ್ ಗೂ ಮೊದಲಾದ ಸಣ್ಣ ತಂಡಗಳ ಗೇಮ್‌ಗಳ ಕಟ್ಟು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಂದೇ ದಿನ. ಬೆಲೆ ನಿಮ್ಮ ಇಷ್ಟ, ಎಷ್ಟು ಕೊಟ್ಟರೂ ಸರಿ. ಪುಕ್ಕಟೆ ಮನಸ್ಸಿನವರು ಯಾರು ಅಂತ ಪತ್ತೆ ಹಚ್ಚಲಿಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಉಂಟಾ? ಒಟ್ಟು 12 ಲಕ್ಷ ಡಾಲರಿಗೂ ಮೇಲೆ ಬಂತು, ಮತ್ತು ಒಬ್ಬೊಬ್ಬರು ಸರಾಸರಿ ಕೊಟ್ಟದ್ದು ನೋಡಿದರೆ ಲಿನಕ್ಸ್‌ನವರೇ ಎಲ್ಲರಿಗಿಂತ ಮೇಲೆ, ವಿಂಡೋಸ್‌ನವರ ಹೆಚ್ಚು ಕಡಿಮೆ ಎರಡು ಪಟ್ಟು. ಕೊಡುವ ಮನಸ್ಸಿನ ಕೊರತೆ ಅಲ್ಲ ಅದು. ಕೊರತೆ ಇರುವುದು ತಲೆ ಎಣಿಕೆಯಲ್ಲಿ. ಸ್ಟೀಮ್‌ನಲ್ಲಿ ಆಡುವವರ ಪೈಕಿ ಲಿನಕ್ಸ್‌ನವರು ವರ್ಷಾನುಗಟ್ಟಲೆ 1%ರ ಆಸುಪಾಸಿನಲ್ಲೇ ಇದ್ದರು, 3% ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟೇ.

ಹಾಗಾಗಿ ನನ್ನ ಸಲಹೆ ಇದು. ಲಿನಕ್ಸ್‌ನವರಿಗೆ ಅಂತ ಬೇರೆ ಅಂಗಡಿ ಹಾಕಬೇಡಿ. ವಿಂಡೋಸ್‌ನವರಿಗೆ ಹಾಕಿದ ಅಂಗಡಿಯಲ್ಲೇ ಅವರಿಗೂ ಒಂದು ಬಾಗಿಲು ಇಡಿ. ಒಂದೇ ದಿನ, ಒಂದೇ ಬೆಲೆ, ಒಮ್ಮೆ ಕೊಂಡರೆ ಎರಡಕ್ಕೂ ಸಿಗಬೇಕು. ನೀವು ಗೋಡಾಟ್‌ನಲ್ಲಿ ಮಾಡಿರುವುದರಿಂದ ಲಿನಕ್ಸ್‌ಗೆ ಎಕ್ಸ್‌ಪೋರ್ಟ್ ಮಾಡಲು ಒಂದು ಬಟನ್ ಒತ್ತಿದರೆ ಸಾಕು. ಬಟನ್ ಒತ್ತಿದ ಮೇಲಿನ ಕಥೆ ಬೇರೆ, ಅದನ್ನು ಕೆಳಗೆ ಉಡುಪಿಯವರಿಗೆ ಹೇಳಿದ್ದೇನೆ, ಓದಿ.

ಒಂದು ಪುಟ್ಟ ಎಚ್ಚರಿಕೆ. ನೀವು ಗೋಡಾಟ್ 3ರಲ್ಲೇ ಇದ್ದರೆ ಕನ್ನಡ ಅಕ್ಷರ ನೆಟ್ಟಗೆ ಬರುವುದಿಲ್ಲ, ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕದಲ್ಲಿ ನಿಂತಿರುತ್ತದೆ. 2023ರಲ್ಲಿ ಬಂದ ಗೋಡಾಟ್ 4ರಲ್ಲಿ ಅದು ಸರಿಯಾಗಿದೆ. 'ಚೆನ್ನೆ' ಅನ್ನುವ ಹೆಸರಿನಲ್ಲೇ ನ ಒತ್ತು ಇರುವಾಗ ಇದು ಸಣ್ಣ ವಿಷಯ ಅಲ್ಲ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿಕೊಳ್ಳಿ, ಅದರ ಲೈಸೆನ್ಸ್ ಮಾರುವ ಗೇಮ್ ಒಳಗೆ ಸೇರಿಸಲು ಬಿಡುತ್ತದೆ.

ಪ್ರಶ್ನೆ: ವಿಂಡೋಸ್‌ನಲ್ಲಿ ಆಡಲು ಸ್ಟೀಮ್‌ನಲ್ಲಿ ಸುಮಾರು ಗೇಮ್ ಕೊಂಡಿದ್ದೇನೆ. ಲಿನಕ್ಸ್‌ಗೆ ಹೋದರೆ ಎಲ್ಲ ಮತ್ತೆ ಕೊಳ್ಳಬೇಕಾ?
— ಓದುಗ, ಕುಂದಾಪುರ

ಉತ್ತರ: ಬೇಡ. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಅಂತ ಒಂದನ್ನು ಸ್ಟೀಮ್ ಒಳಗೇ ಸೇರಿಸಿತು. ವಿಂಡೋಸ್‌ಗೆ ಬರೆದ ಗೇಮ್‌ನ ಮಾತನ್ನು ಲಿನಕ್ಸ್‌ಗೆ ಅರ್ಥ ಆಗುವ ಹಾಗೆ ಆಡುತ್ತಾ ಆಡುತ್ತಾ ಅನುವಾದ ಮಾಡುತ್ತದೆ ಅದು. ಕೊಂಡ ಗೇಮ್ ನಿಮ್ಮ ಖಾತೆಯಲ್ಲೇ ಇರುತ್ತದೆ, ಇನ್‌ಸ್ಟಾಲ್ ಒತ್ತಿ ನೋಡಿ. ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಪ್ರೋಟಾನ್‌ಡಿಬಿ ಅನ್ನುವ ವೆಬ್‌ಸೈಟಿನಲ್ಲಿ ಆಡಿದವರೇ ಬರೆದಿರುತ್ತಾರೆ. ವ್ಯಾಲರಂಟ್, ಫೋರ್ಟ್‌ನೈಟ್ ಥರದ್ದು ಮಾತ್ರ ಓಡುವುದಿಲ್ಲ, ಅವುಗಳ ಕಳ್ಳಾಟ ಹಿಡಿಯುವ ಸಾಫ್ಟ್‌ವೇರ್ ಲಿನಕ್ಸನ್ನು ಒಳಗೆ ಬಿಡುವುದಿಲ್ಲ. ನೀವು ಆಡುವುದು ಅದನ್ನೇ ಆದರೆ ವಿಂಡೋಸ್ ತೆಗೆಯಬೇಡಿ.

ಪ್ರಶ್ನೆ: ನಾನು ಮನೆಯಲ್ಲೇ ಕೂತು ಸಣ್ಣ ಗೇಮ್‌ಗಳನ್ನು ಮಾಡಿ ಮಾರುತ್ತೇನೆ. ಈಗ ಹೇಗೂ ಪ್ರೋಟಾನ್ ಉಂಟಲ್ಲ, ಲಿನಕ್ಸ್‌ಗೆ ಅಂತ ಬೇರೆ ಆವೃತ್ತಿ ಮಾಡುವ ತಲೆನೋವು ಯಾಕೆ? ಮಾಡಿದರೆ ಬಗ್ ರಿಪೋರ್ಟ್‌ಗಳ, ಅಂದರೆ ಗೇಮ್‌ನ ತಪ್ಪು ತೋರಿಸುವ ದೂರುಗಳ ಮಳೆಯೇ ಸುರಿಯುತ್ತದೆ ಅಂತ ಕೇಳಿದ್ದೇನೆ. ನಾನು ಒಬ್ಬಳೇ ಎಲ್ಲದಕ್ಕೂ ಉತ್ತರ ಕೊಡಬೇಕು.
— ಓದುಗಿ, ಉಡುಪಿ

ಉತ್ತರ: ಮಳೆ ಸುರಿಯುವುದು ನಿಜ. ಅದು ಎಂಥ ಮಳೆ ಅಂತ ನೋಡಬೇಕು.

ಡೆಲ್ಟಾ-ವಿ: ರಿಂಗ್ಸ್ ಆಫ್ ಸ್ಯಾಟರ್ನ್ ಅಂತ ಒಂದು ಬಾಹ್ಯಾಕಾಶದ ಗೇಮ್ ಉಂಟು, ಅದೂ ಗೋಡಾಟ್‌ನಲ್ಲೇ ಮಾಡಿದ್ದು. ಅದನ್ನು ಮಾಡಿದವರು 2021ರಲ್ಲಿ ತಮ್ಮ ಲೆಕ್ಕ ಎಲ್ಲರ ಮುಂದೆ ಇಟ್ಟರು. ಮಾರಿದ್ದು ಸುಮಾರು 12,000 ಪ್ರತಿ, ಅದರಲ್ಲಿ ಲಿನಕ್ಸ್‌ನವರು ಕೊಂಡದ್ದು ಸುಮಾರು 700, ಅಂದರೆ 6%ಕ್ಕೂ ಕಡಿಮೆ. ಬಂದ ಬಗ್ ರಿಪೋರ್ಟ್ ಸಾವಿರದ ಚಿಲ್ಲರೆ, ಅದರಲ್ಲಿ ಲಿನಕ್ಸ್‌ನವರದ್ದೇ ಸುಮಾರು 400. ಇಲ್ಲಿಗೆ ಓದಿ ನಿಲ್ಲಿಸಿದವರು ಅಯ್ಯೋ ಈ ಲಿನಕ್ಸ್ ಸಹವಾಸ ಬೇಡಪ್ಪಾ ಅಂತ ಓಡುತ್ತಾರೆ. ಆದರೆ ಮುಂದಿನ ಸಾಲು ಕೇಳಿ: ಆ 400ರಲ್ಲಿ ಲಿನಕ್ಸ್‌ನಿಂದಾಗಿಯೇ ಬಂದ ತೊಂದರೆ ಬರೀ ಮೂರು. ಉಳಿದದ್ದೆಲ್ಲ ಎಲ್ಲರ ಗೇಮ್‌ನಲ್ಲೂ ಇದ್ದ ಬಗ್ಗುಗಳು, ವಿಂಡೋಸ್‌ನವರಿಗೂ ಅದು ಕಾಡುತ್ತಿತ್ತು, ಅವರು ಬೈದುಕೊಂಡು ಸುಮ್ಮನಿದ್ದರು. ಲಿನಕ್ಸ್‌ನವರು ಏನು ಒತ್ತಿದೆ, ಏನಾಯಿತು, ಲಾಗ್ ಇಲ್ಲಿದೆ ಅಂತ ಶಿಸ್ತಾಗಿ ಬರೆದು ಕಳಿಸಿದರು. ಅವರಿಗೆ ಅದು ಅಭ್ಯಾಸ, ಫ್ರೀ ಸಾಫ್ಟ್‌ವೇರ್ ಬಳಸಿ ಬಳಸಿ ಬಂದದ್ದು. ಅಂಥ ಪರೀಕ್ಷೆ ಮಾಡುವವರನ್ನು ಕೆಲಸಕ್ಕೆ ಇಟ್ಟರೆ ತಿಂಗಳಿಗೆ ಎಷ್ಟು ಕೊಡಬೇಕು, ನೀವೇ ಲೆಕ್ಕ ಹಾಕಿ. ಇವರು ದುಡ್ಡು ಕೊಟ್ಟು ನಿಮ್ಮ ಕೆಲಸ ಮಾಡಿಕೊಡುತ್ತಾರೆ ಮಾರಾಯ್ರೇ.

ಹಾಗಂತ ಕಷ್ಟ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಮೊದಲನೆಯ ಕಷ್ಟ ನನ್ನ ಮರ್ಯಾದೆ ತೆಗೆದದ್ದು. ಸುಮಾರು ವರ್ಷದ ಹಿಂದೆ ಒಂದು ಕಂಬಳದ ಗೇಮ್ ಮಾಡಿದ್ದೆ, ಕೋಣ ಓಡಿಸುವುದು, ಕೆಸರು ಹಾರಿಸುವುದು, ಭಾರೀ ಏನಲ್ಲ. ವಿಂಡೋಸ್‌ನಲ್ಲಿ ಎಲ್ಲ ಸರಿ ಇತ್ತು. ಒಂದು ಕಾಲೇಜಿನಲ್ಲಿ ತೋರಿಸಲು ಕರೆದಿದ್ದರು, ಅಲ್ಲಿನ ಲ್ಯಾಬಿನಲ್ಲಿ ಇದ್ದದ್ದು ಲಿನಕ್ಸ್. ನೂರು ಜನರ ಮುಂದೆ ಗೇಮ್ ಶುರುವಾಯಿತು, ಗದ್ದೆ ಬಂತು, ಕೆಸರು ಬಂತು, ಓಡಿಸುವವನೂ ಬಂದ, ಕೋಣ ಮಾತ್ರ ಇಲ್ಲ! ಬರೀ ಗಾಳಿಯಲ್ಲಿ ಹಗ್ಗ ಹಿಡಿದು ಓಡುತ್ತಿದ್ದಾನೆ. ಆಗಿದ್ದಿಷ್ಟೇ, ಚಿತ್ರದ ಫೈಲಿನ ಇಂಗ್ಲಿಷ್ ಹೆಸರು ದೊಡ್ಡಕ್ಷರದಿಂದ ಶುರುವಾಗುತ್ತಿತ್ತು, ಕೋಡ್‌ನಲ್ಲಿ ನಾನು ಸಣ್ಣಕ್ಷರ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಅವತ್ತಿನಿಂದ ನಾನು ಫೈಲುಗಳಿಗೆಲ್ಲ ಸಣ್ಣಕ್ಷರದ ಹೆಸರೇ ಇಡುವುದು, ನೀವೂ ಹಾಗೇ ಮಾಡಿ.

ಎರಡನೆಯದು, ಲಿನಕ್ಸ್ ಅಂದರೆ ಒಂದಲ್ಲ. ಉಬುಂಟು, ಮಿಂಟ್, ಫೆಡೋರಾ, ಆರ್ಚ್, ಹೆಸರು ಹೇಳುತ್ತಾ ಹೋದರೆ ಪುಟ ಮುಗಿಯುತ್ತದೆ. ಹೊಸ ಉಬುಂಟುವಿನಲ್ಲಿ ಕಟ್ಟಿದ ಗೇಮ್ ಹಳೆಯದರಲ್ಲಿ ಏಳುವುದೇ ಇಲ್ಲ, ಜಿಲಿಬ್ಸಿ ಅನ್ನುವ ಮೂಲ ಲೈಬ್ರರಿ ಹೊಸತು ಬೇಕು ಅಂತ ಹಠ ಹಿಡಿಯುತ್ತದೆ. ಹಳೆಯದರಲ್ಲಿ ಕಟ್ಟಿದ್ದು ಹೊಸತರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಹಾಗಾಗಿ ಯಾವತ್ತೂ ಹಳೆಯದರಲ್ಲೇ ಕಟ್ಟಿ. ಗೋಡಾಟ್ ಬಳಸುವವರಿಗೆ ಇದರ ಚಿಂತೆ ಕಡಿಮೆ, ಅವರು ಕೊಡುವ ಎಕ್ಸ್‌ಪೋರ್ಟ್ ಫೈಲುಗಳೇ ಹಾಗೆ ತಯಾರಾಗಿರುತ್ತವೆ. ಸ್ಟೀಮ್‌ನಲ್ಲಾದರೆ ಅವರದ್ದೇ ಒಂದು ಡಬ್ಬಿಯಂಥ ವ್ಯವಸ್ಥೆ ಉಂಟು, ಗೇಮ್ ಅದರೊಳಗೆ ಓಡುತ್ತದೆ, ಹೊರಗೆ ಯಾವ ಲಿನಕ್ಸ್ ಇದ್ದರೂ ಚಿಂತೆ ಇಲ್ಲ. ಮಾರುವ ಪುಟದಲ್ಲಿ ಒಂದೇ ಒಂದು ಹೆಸರು ಬರೆಯಿರಿ, "ಉಬುಂಟುವಿನ ಈ ಆವೃತ್ತಿಯಲ್ಲಿ ಪರೀಕ್ಷಿಸಿದೆ" ಅಂತ. ಉಳಿದ ಲಿನಕ್ಸ್‌ನವರು ತಾವೇ ದಾರಿ ಕಂಡುಕೊಳ್ಳುತ್ತಾರೆ, ಅದರಲ್ಲಿ ಅವರು ಗಟ್ಟಿಗರು.

ಇನ್ನು ನಿಮ್ಮ ಮೂಲ ಪ್ರಶ್ನೆ, ಸ್ವಂತ ಆವೃತ್ತಿಯಾ ಪ್ರೋಟಾನಾ? ಗೋಡಾಟ್‌ನಲ್ಲಿ ಮಾಡುವವರಾದರೆ ಸ್ವಂತದ್ದೇ ಕೊಡಿ, ಶ್ರಮ ಕಡಿಮೆ. ಬೇರೆ ಎಂಜಿನ್ ಆಗಿ, ವಿಂಡೋಸ್‌ಗೇ ಅಂಟಿಕೊಂಡ ತುಂಡುಗಳು ಜಾಸ್ತಿ ಇದ್ದರೆ ಪ್ರೋಟಾನ್‌ನಲ್ಲಿ ಚೆನ್ನಾಗಿ ಓಡಿಸಿ ನೋಡಿ, ಅದನ್ನೇ ಹೇಳಿ ಮಾರಿ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರದ ಒಳಗೂ ಲಿನಕ್ಸೇ ಇರುವುದು, ಅದರಲ್ಲಿ ಹೆಚ್ಚಿನ ಗೇಮ್‌ಗಳು ಓಡುವುದು ಪ್ರೋಟಾನ್‌ನಿಂದಲೇ. ಅರ್ಧಂಬರ್ಧ ಸ್ವಂತ ಆವೃತ್ತಿ ಕೊಟ್ಟು ಆರು ತಿಂಗಳಲ್ಲಿ ಕೈಬಿಡುವುದು ಇದೆಯಲ್ಲ, ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಲಿನಕ್ಸ್‌ನವರು ಬೆಲೆ ಜಾಸ್ತಿ ಅಂದದ್ದು ನಾನು ಕೇಳಿದ್ದು ಕಡಿಮೆ. ಕೊಂಡ ಮೇಲೆ ನಮ್ಮನ್ನು ಕೇಳುವವರೇ ಇಲ್ಲ ಅಂತ ಗೊಣಗಿದ್ದು ಬೇಕಾದಷ್ಟು ಕೇಳಿದ್ದೇನೆ.

ಪ್ರಶ್ನೆ: ಹಂಪನಕಟ್ಟೆಯಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಲಿನಕ್ಸ್ ಗೇಮ್ ಕೇಳಿಲ್ಲ. ನೀವು ಸುಮ್ನೆ ಹುಡುಗರ ತಲೆ ಕೆಡಿಸುತ್ತಿದ್ದೀರಿ.
— ಅಂಗಡಿಯವರು, ಮಂಗಳೂರು

ಉತ್ತರ: ಅಣ್ಣ, ಉಬುಂಟು ಹಾಕಿಯೇ ಬರುವ ಲ್ಯಾಪ್‌ಟಾಪ್ ಕಡಿಮೆಗೆ ಸಿಗ್ತದೆ ಅಂತ ನಿಮ್ಮಂಥ ಅಂಗಡಿಯಲ್ಲಿ ಕೊಂಡು, ಅಲ್ಲೇ ನಿಂತು "ಇದಕ್ಕೊಂದು ವಿಂಡೋಸ್ ಹಾಕಿ ಕೊಡಿ" ಅಂತ ಕೇಳುವ ಗಿರಾಕಿ ಎಷ್ಟು ಜನ? ಆ ವಿಂಡೋಸ್‌ಗೆ ದುಡ್ಡು ಕೊಡುವವರು ಅವರಲ್ಲಿ ಎಷ್ಟು ಜನ? ಪುಕ್ಕಟೆ ಅಂದರೆ ಲಿನಕ್ಸ್‌ನವರು ಅನ್ನುವ ಮಾತು ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಗೇಮ್ ಈಗ ಅಂಗಡಿಯಲ್ಲಿ ಮಾರುವ ಸಾಮಾನೂ ಅಲ್ಲ. ವಿಂಡೋಸ್ ಗೇಮ್‌ನ ಸಿಡಿ ಕೇಳಿಕೊಂಡು ಕೊನೆಯ ಗಿರಾಕಿ ಬಂದದ್ದು ಯಾವಾಗ, ಅದನ್ನೂ ಒಮ್ಮೆ ಹೇಳಿ.

ಪ್ರಶ್ನೆ: ನಾನು ಗಡಿಯಾಚೆ ಕೇರಳದ ಮಂಜೇಶ್ವರದ ಕಡೆ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸುವವಳು, ಮನೆ ತೊಕ್ಕೊಟ್ಟಿನಲ್ಲಿ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇರುವುದೇ ಲಿನಕ್ಸ್. ಜಿಕಾಂಪ್ರಿಸ್ ಥರದ ಒಳ್ಳೊಳ್ಳೆ ಮಕ್ಕಳ ಆಟಗಳು ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ತೆಗೆದುಕೊಳ್ಳುತ್ತಾರೆ?
— ಟೀಚರ್, ತೊಕ್ಕೊಟ್ಟು

ಉತ್ತರ: ಟೀಚರೇ, ನೀವು ಹೇಳಿದ ಜಿಕಾಂಪ್ರಿಸ್‌ನದ್ದೇ ಒಂದು ಕಥೆ ಕೇಳಿ. ಅದು ಜಿಪಿಎಲ್ ಲೈಸೆನ್ಸಿನಲ್ಲಿ 2000ದಲ್ಲಿ ಶುರುವಾದದ್ದು. ತುಂಬ ವರ್ಷ ಅವರು ಲಿನಕ್ಸ್‌ನಲ್ಲಿ ಪೂರ್ತಿ ಆಟಗಳನ್ನು ಹಾಗೇ ಕೊಟ್ಟು, ವಿಂಡೋಸ್‌ನಲ್ಲಿ ಮಾತ್ರ ಕೆಲವನ್ನೇ ತೆರೆದಿಟ್ಟು, ಉಳಿದದ್ದಕ್ಕೆ ದುಡ್ಡು ಕೇಳುತ್ತಿದ್ದರು. ಇಡೀ ಲೋಕ ವಿಂಡೋಸ್‌ಗೆ ಒಂದು, ಲಿನಕ್ಸ್‌ಗೆ ಏನೂ ಇಲ್ಲ ಅನ್ನುತ್ತಿದ್ದಾಗ ಇವರು ಉಲ್ಟಾ ಹೊಡೆದರು! ಈಗ ಎಲ್ಲ ಕಡೆಯೂ ಪುಕ್ಕಟೆ ಮಾಡಿದ್ದಾರೆ.

ನಿಮ್ಮ ಮಕ್ಕಳು ಕೊಳ್ಳುವುದಿಲ್ಲ ಅನ್ನುವುದು ಸರಿ, ಯಾವ ಊರಲ್ಲೂ ಎಂಟು ವರ್ಷದ ಮಗು ಏನನ್ನೂ ಕೊಳ್ಳುವುದಿಲ್ಲ. ಆದರೆ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಂದು ಎಷ್ಟೋ ವರ್ಷ ಆಯಿತು, ಅದರಲ್ಲೇ ಕಲಿತು ಹೊರಬಂದ ಮಕ್ಕಳು ಗಡಿಯ ತಲಪಾಡಿ ದಾಟಿ ನಮ್ಮ ಕಾಲೇಜುಗಳಿಗೆ ಬರುತ್ತಾರೆ. ಅವರಿಗೆ ಲಿನಕ್ಸ್ ಅಂದರೆ ಹೆದರಿಕೆ ಇಲ್ಲ. ಸುರತ್ಕಲ್‌ನ ಹುಡುಗರು ಗಮನಿಸಿ, ನಿಮ್ಮ ಚೆನ್ನೆಮಣೆಯನ್ನು ಮೊದಲು ತೋರಿಸಬೇಕಾದ್ದು ಅಲ್ಲಿ. ಶಾಲೆಗೆ ಹಾಗೇ ಕೊಟ್ಟು, ಮನೆಗೆ 150 ರೂಪಾಯಿ ಅಂದರೆ ತಪ್ಪೇನೂ ಇಲ್ಲ.

ಪ್ರಶ್ನೆ: ಸ್ಟೀಮ್‌ನಲ್ಲಿ ಮಾರಲು ಎಷ್ಟು ಖರ್ಚು? ಕೈಗೆ ಎಷ್ಟು ಬರ್ತದೆ?
— ಓದುಗ, ಕಾಪು

ಉತ್ತರ: ಒಂದು ಗೇಮ್‌ಗೆ 100 ಡಾಲರ್ ಕಟ್ಟಬೇಕು. ನಿಮ್ಮ ಗೇಮ್ 1000 ಡಾಲರ್ ದುಡಿದರೆ ಅದನ್ನು ತಿರುಗಿ ಕೊಡುತ್ತಾರೆ. ಮಾರಿದ್ದರಲ್ಲಿ 30% ಅವರಿಗೆ. ಲೆಕ್ಕ ಹೀಗೆ: 150 ರೂಪಾಯಿಯ ಬೆಲೆಯೊಳಗೇ 18% ಜಿಎಸ್‌ಟಿ ಸೇರಿದೆ, ಅದನ್ನು ತೆಗೆದರೆ 127 ಉಳಿಯುತ್ತದೆ, ಅದರಲ್ಲಿ ಅವರ ಪಾಲು ಹೋದರೆ ನಿಮಗೆ ಸುಮಾರು 89. ಡಾಲರಿಗೆ 90 ಅಂತ ಹಿಡಿದರೆ ಕಟ್ಟಿದ ದುಡ್ಡು ಹುಟ್ಟಲು ಸುಮಾರು ನೂರು ಪ್ರತಿ ಹೋಗಬೇಕು. ನೆಂಟರು, ಕ್ಲಾಸಿನವರು, ಅಣ್ಣನ ಆಫೀಸಿನವರು ಎಲ್ಲ ಸೇರಿದರೂ ನೂರು ಆಗುವುದು ಕಷ್ಟವೇ, ಮಾಡಿ ನೋಡಿದವನಿಗೆ ಗೊತ್ತು. ಇಚ್.ಐಒ ಅಂತ ಇನ್ನೊಂದು ಕಡೆ ಉಂಟು, ಅಲ್ಲಿ ಪ್ರವೇಶ ಪುಕ್ಕಟೆ, ಅವರ ಪಾಲು ಎಷ್ಟು ಅಂತ ನೀವೇ ಹೇಳಬಹುದು, ಏನೂ ಹೇಳದಿದ್ದರೆ 10%. ಮೊದಲ ಗೇಮ್‌ಗೆ ಅದೇ ಸಾಕು. ಹೊರದೇಶದ ದುಡ್ಡು ಬರುವಾಗಿನ ತೆರಿಗೆ ಫಾರ್ಮುಗಳಿಗೆ ಒಬ್ಬ ಸಿಎ ಹತ್ತಿರ ಒಮ್ಮೆ ಕೂತು ಬನ್ನಿ, ಪತ್ರಿಕೆ ಓದಿ ತೆರಿಗೆ ಕಟ್ಟಬೇಡಿ.

ಪ್ರಶ್ನೆ: ಗೇಮ್‌ನ ಸೋರ್ಸ್ ಕೋಡನ್ನೂ ಓಪನ್ ಮಾಡಿ, ಗೇಮನ್ನೂ ಮಾರಲಿಕ್ಕೆ ಆಗ್ತದಾ? ಕೋಡ್ ಪುಕ್ಕಟೆ ಸಿಕ್ಕಿದರೆ ಕೊಳ್ಳುವವನು ಮೂರ್ಖ ಅಲ್ವಾ?
— ಓದುಗ, ಮೂಲ್ಕಿ

ಉತ್ತರ: ಮೂಲ್ಕಿಯಲ್ಲಿ ಕೂತು ಇದನ್ನು ಕೇಳುವುದಾ! ಯಕ್ಷಗಾನದ ಹಳೇ ಪ್ರಸಂಗಗಳ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ. ಯಾರು ಬೇಕಾದರೂ ಓದಬಹುದು, ಯಾವ ಮೇಳ ಬೇಕಾದರೂ ಆಡಬಹುದು. ಹಾಗಂತ ಸಾಲಿಗ್ರಾಮದ್ದೋ ಪೆರ್ಡೂರಿನದ್ದೋ ಡೇರೆ ಬಿದ್ದಾಗ ಟಿಕೆಟ್ ತೆಗೆದುಕೊಂಡು ಒಳಗೆ ಕೂತವನನ್ನು ಮೂರ್ಖ ಅನ್ನುತ್ತೀರಾ? ಅವನು ದುಡ್ಡು ಕೊಟ್ಟದ್ದು ಪದ್ಯಕ್ಕಲ್ಲ, ಆ ರಾತ್ರಿಗೆ, ಆ ಭಾಗವತರ ಕಂಠಕ್ಕೆ, ಆ ವೇಷಕ್ಕೆ.

ಗೇಮ್‌ನಲ್ಲೂ ಇದು ನಡೆದಿದೆ. ಐಡಿ ಸಾಫ್ಟ್‌ವೇರ್ ಕಂಪನಿಯವರು ಡೂಮ್ ಅನ್ನುವ ತಮ್ಮ ಗೇಮ್‌ನ ಕೋಡನ್ನು 1997ರಲ್ಲೇ ಹೊರಗೆ ಬಿಟ್ಟರು, 1999ರಲ್ಲಿ ಅದಕ್ಕೆ ಜಿಪಿಎಲ್ ಹಾಕಿದರು. ಆದರೆ ಗೇಮ್‌ನ ಚಿತ್ರ, ಶಬ್ದ, ನಕ್ಷೆಗಳನ್ನು ಬಿಡಲಿಲ್ಲ, ಪೂರ್ತಿ ಗೇಮನ್ನು ಇವತ್ತಿಗೂ ಕೊಂಡೇ ಆಡಬೇಕು. ಕೋಡ್ ಓಪನ್ ಆದ್ದರಿಂದ ಸಿಕ್ಕಸಿಕ್ಕ ಯಂತ್ರಕ್ಕೆಲ್ಲ ಜನರೇ ಅದನ್ನು ಕೊಂಡೊಯ್ದರು, ಮೂವತ್ತು ವರ್ಷ ಕಳೆದರೂ ಗೇಮ್ ಸತ್ತಿಲ್ಲ. ಇನ್ನೂ ಧೈರ್ಯದ ಉದಾಹರಣೆ ಮೈಂಡಸ್ಟ್ರಿ. ಕೋಡ್ ಪೂರ್ತಿ ಜಿಪಿಎಲ್, ಇಚ್.ಐಒನಲ್ಲಿ ಹಾಗೇ ಇಳಿಸಿಕೊಳ್ಳಬಹುದು, ಅದೇ ಗೇಮ್ ಸ್ಟೀಮ್‌ನಲ್ಲಿ ದುಡ್ಡಿಗೆ. ಅಲ್ಲಿ ಕೊಂಡವರು ಬೇಕಾದಷ್ಟು ಜನ. ಯಾಕೆ ಅಂದರೆ ಅಪ್‌ಡೇಟ್ ತಾನಾಗಿ ಬರುತ್ತದೆ, ಗೆಳೆಯರ ಜೊತೆ ಆಡುವುದು ಸಲೀಸು, ಮತ್ತೆ ಮಾಡಿದವನಿಗೆ ನಾಲ್ಕು ಕಾಸು ಹೋಗಲಿ ಅಂತ.

ಇನ್ನೊಂದು ದಾರಿಯೂ ಉಂಟು, ಅದೂ ನಮ್ಮ ಹತ್ತಿರವೇ ಇರುವುದು. ಕಟೀಲು ಮೇಳದ ಹರಕೆಯಾಟಕ್ಕೆ ಟಿಕೆಟ್ ಇಲ್ಲ. ಹರಕೆ ಹೊತ್ತ ಮನೆಯವರು ಖರ್ಚು ಹಾಕುತ್ತಾರೆ, ಊರಿಗೆ ಊರೇ ಬಂದು ಕೂತು ನೋಡುತ್ತದೆ, ಕಲಾವಿದರ ಸಂಬಳಕ್ಕೂ ಕೊರತೆ ಇಲ್ಲ. ಗೋಡಾಟ್ ಎಂಜಿನ್ ನಡೆಯುವುದೂ ಬಹುಪಾಲು ಹೀಗೇ, ಕೊಡುವ ಮನಸ್ಸಿನವರು ಕೊಡುತ್ತಾರೆ, ಬಾಕಿ ಎಲ್ಲರೂ ಬಳಸುತ್ತಾರೆ. ಆದರೆ ಮೊದಲ ಗೇಮ್ ಮಾಡಿದವನಿಗೆ ಹರಕೆ ಹೊರುವವರು ಅಷ್ಟು ಸುಲಭದಲ್ಲಿ ಸಿಗುವುದಿಲ್ಲ. ಅದಕ್ಕೇ ಹೇಳುವುದು, ಕೋಡನ್ನು ಬೇಕಿದ್ದರೆ ಬಿಡಿ, ಚಿತ್ರ ಮತ್ತು ಶಬ್ದ ಕೈಯಲ್ಲಿ ಇಟ್ಟುಕೊಳ್ಳಿ, ಡೇರೆ ಹಾಕಿ ಟಿಕೆಟ್ ಮಾರಿ.

ಪ್ರಶ್ನೆ: ಗೇಮ್‌ನಲ್ಲಿ ತುಳು ಲಿಪಿ ಹಾಕಬಹುದಾ?
— ಓದುಗಿ, ಕಾರ್ಕಳ

ಉತ್ತರ: ತುಳು-ತಿಗಳಾರಿ ಅನ್ನುವ ಹೆಸರಿನಲ್ಲಿ ಆ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯುನಿಕೋಡ್ 16ಕ್ಕೆ, ಅಂದರೆ ಕಂಪ್ಯೂಟರುಗಳು ಅಕ್ಷರ ಗುರುತಿಸುವ ಪಟ್ಟಿಗೆ ಸೇರಿದೆ. ಆದರೆ ಆಡುವವರ ಕಂಪ್ಯೂಟರಿನಲ್ಲಿ ಫಾಂಟ್ ಇರುವುದಿಲ್ಲ, ಅಕ್ಷರದ ಬದಲು ಚೌಕ ಚೌಕ ಕಾಣುತ್ತದೆ. ಗೇಮ್ ಹೆಸರನ್ನು ಮಾತ್ರ ತುಳು ಲಿಪಿಯಲ್ಲಿ ಚಿತ್ರ ಬರೆಸಿ ಹಾಕಿ, ಒಳಗಿನ ತುಳು ಮಾತುಗಳನ್ನು ಕನ್ನಡ ಲಿಪಿಯಲ್ಲೇ ಇಡಿ. ಚಿತ್ರದ ಫೈಲಿನ ಹೆಸರು ಸಣ್ಣಕ್ಷರದಲ್ಲಿ ಇರಲಿ.